ಹಾವಿನ ಹಿಕ್ಕೆಗೆ ಬಣ್ಣದ ಪಟ್ಟಿ ಸಾಕೆ?

ಅಮೆರಿಕ, ಬ್ರಿಟನ್ನುಗಳಲ್ಲಿ ಬಾಲ್ ಪೈಥಾನನ್ನೋ ಕಾರ್ನ್ ಸ್ನೇಕನ್ನೋ ಮನೆಯಲ್ಲಿ ಸಾಕುವವರಿಗೆ ಒಂದು ರೂಢಿ ಇದೆ. ಹಾವು ಹಿಕ್ಕೆ ಹಾಕಿದ ಕೂಡಲೇ ಅದರ ಬಣ್ಣವನ್ನು ಒಂದು ಪಟ್ಟಿಯ ಜೊತೆ ತಾಳೆ ನೋಡುವುದು. ಕಂದು-ಬಿಳಿ ಇದ್ದರೆ ಕ್ಷೇಮ, ಹಳದಿಯಾದರೆ ನೀರು ಸಾಲದು, ಹಸಿರಾದರೆ ಯಕೃತ್ತಿನ ತೊಂದರೆ, ಕೆಂಪು ಕಂಡರೆ ವೈದ್ಯರಲ್ಲಿಗೆ ಓಟ. ಪಟ್ಟಿ ಸುಳ್ಳು ಹೇಳುತ್ತದೆ ಎಂದಲ್ಲ. ಗೊತ್ತಿರುವುದು ಅಲ್ಪ, ಕೊಡುವ ತೀರ್ಪು ಮಾತ್ರ ಪೂರ್ತಿ. ನನ್ನ ತಕರಾರು ಇಷ್ಟೇ.

ಪಟ್ಟಿಯಿಂದ ಆಗಿರುವ ಉಪಕಾರವನ್ನು ಮೊದಲು ಒಪ್ಪಬೇಕು. ಹೊಸದಾಗಿ ಹಾವು ತಂದವರು ಬೆಚ್ಚಿಬೀಳುವುದು ಹಿಕ್ಕೆಯ ಜೊತೆ ಬರುವ ಬಿಳಿ ಗಟ್ಟಿಯನ್ನು ನೋಡಿ. ಅದು ಸಹಜವೇ ಎಂದು ಪಟ್ಟಿ ಧೈರ್ಯ ಹೇಳುತ್ತದೆ; ಅದು ಹಾವಿನ ಮೂತ್ರವೇ. ನಮ್ಮ ದೇಹ ಸಾರಜನಕದ ಕಸವನ್ನು ಯೂರಿಯಾ ಮಾಡಿ ನೀರಿನಲ್ಲಿ ಕರಗಿಸಿ ಹೊರಹಾಕುತ್ತದೆ; ಹಾವು ಅದನ್ನು ಯೂರಿಕ್ ಆಮ್ಲ ಮಾಡಿ, ನೀರನ್ನು ಉಳಿಸಿಕೊಂಡು, ಗಟ್ಟಿಯಾಗಿಯೇ ಬಿಡುತ್ತದೆ. ಮಲಕ್ಕೂ ಮೂತ್ರಕ್ಕೂ ದ್ವಾರ ಒಂದೇ ಆದ್ದರಿಂದ ಎರಡೂ ಒಟ್ಟಿಗೆ ಬೀಳುತ್ತವೆ. ಇಂಗ್ಲೆಂಡಿನ ರಸಾಯನವಿಜ್ಞಾನಿ ವಿಲಿಯಂ ಪ್ರೌಟ್ 1815ರಲ್ಲೇ ಬೋವಾ ಹಾವಿನ ವಿಸರ್ಜನೆಯನ್ನು ಪರೀಕ್ಷಿಸಿ, ಅದರಲ್ಲಿ ಸುಮಾರು ಶೇ. 90ರಷ್ಟು ಯೂರಿಕ್ ಆಮ್ಲವೇ ಇದೆ ಎಂದು ತೋರಿಸಿದ್ದ. (ಆ ಶತಮಾನದ ಉತ್ಸಾಹ ಅಲ್ಲಿಗೇ ನಿಲ್ಲಲಿಲ್ಲ. ಸರೀಸೃಪಗಳ ಹಿಕ್ಕೆ ಕ್ಷಯಕ್ಕೆ ಮದ್ದು ಎಂದು ಜಾನ್ ಹೇಸ್ಟಿಂಗ್ಸ್ ಎಂಬ ವೈದ್ಯ 1862ರಲ್ಲಿ ಲಂಡನ್ನಿನಲ್ಲಿ ಪುಸ್ತಕವನ್ನೇ ತಂದ. ರೋಗಿಗಳ ಪಾಡು ಏನಾಗಿತ್ತೋ!)

ಒಂದು ಒಳ್ಳೆಯ ಹಿಕ್ಕೆಯನ್ನು ಹತ್ತಿರದಿಂದ ನೋಡೋಣ. ಗೂಡಿಗೆ ಹಾಸಿದ ಕಾಗದದ ಮೇಲೆ ಕಡುಕಂದು ಬಣ್ಣದ, ಆಕಾರ ಕೆಡದ ಒಂದು ತುಂಡು, ಪಕ್ಕದಲ್ಲಿ ಬಿಳಿ ಉಂಡೆ, ಸುತ್ತ ಒಂದಿಷ್ಟು ತೆಳು ನೀರು. ಉಂಡೆ ಹೊಸದಿದ್ದಾಗ ಮೇಣದಂತೆ ಮೆತ್ತಗಿರುತ್ತದೆ, ಒಣಗಿದರೆ ಪುಡಿಯಾಗುತ್ತದೆ. ಕಂದು ತುಂಡನ್ನು ಕಡ್ಡಿಯಿಂದ ಬಿಡಿಸಿದರೆ ಒಳಗೆ ಇಲಿಯ ಕೂದಲು ಒತ್ತೊತ್ತಾಗಿ ಸಿಕ್ಕಿಕೊಂಡಿರುತ್ತದೆ, ನಡುವೆ ಒಂದೆರಡು ಸಣ್ಣ ಉಗುರು. ಅಜೀರ್ಣವೆಂದು ಗಾಬರಿಯಾಗಬೇಕಿಲ್ಲ. ಕೂದಲು, ಉಗುರುಗಳ ಕೆರಾಟಿನ್ ಹಾವಿನ ಹೊಟ್ಟೆಯಲ್ಲಿ ಕರಗುವುದಿಲ್ಲ. ಮಾಂಸದ ಚೂರೋ ಇಲಿಯ ಆಕಾರವೋ ಹಾಗೇ ಹೊರಬಂದಿದ್ದರೆ ಮಾತ್ರ ಮೊದಲು ಗೂಡಿನ ಶಾಖ ನೋಡಬೇಕು. ಬಾಲ್ ಪೈಥಾನಿಗೆ ಬೆಚ್ಚಗಿನ ಬದಿಯಲ್ಲಿ 31-32 ಡಿಗ್ರಿ ಸೆಲ್ಸಿಯಸ್ ಸಿಗದಿದ್ದರೆ ಉಂಡದ್ದು ಸರಿಯಾಗಿ ಅರಗುವುದಿಲ್ಲ.

ಪಟ್ಟಿ ಎಡವುವುದು ಹಸಿರು, ಹಳದಿಗಳ ವಿಷಯದಲ್ಲಿ. ಬಾಲ್ ಪೈಥಾನ್ ಆರೋಗ್ಯವಾಗಿದ್ದೂ ತಿಂಗಳುಗಟ್ಟಲೆ ಇಲಿ ಮುಟ್ಟದೆ ಇರಬಲ್ಲದು. ಹೊಟ್ಟೆ ಖಾಲಿ ಇದ್ದಾಗ ಬಿಳಿ ಭಾಗಕ್ಕೆ ಹಳದಿ ತಿರುಗುತ್ತದೆ, ಉಪವಾಸ ಬಹಳ ದಿನವಾದರೆ ಪಿತ್ತದ ಹಸಿರೂ ಸೇರುತ್ತದೆ. ಅದೇ ಹಸಿರು ಯಕೃತ್ತು ಕೆಟ್ಟಾಗಲೂ ಬರುತ್ತದೆ. ಎರಡನ್ನೂ ಬೇರೆ ಮಾಡುವುದು ಕೊನೆಯ ಊಟ ಯಾವಾಗ, ತೂಕ ಇಳಿದಿದೆಯೇ, ಪೊರೆ ಯಾವಾಗ ಬಿಟ್ಟಿತು ಎಂಬ ಲೆಕ್ಕ. ಇದನ್ನು ಬರೆದಿಡುವ ಪುಸ್ತಕವಿಲ್ಲದೆ ಬರೀ ಫೋಟೊ ಹಿಡಿದು "ಇದು ಸರಿಯಿದೆಯೇ?" ಎಂದು ಕೇಳಿದರೆ ಯಾವ ಪಶುವೈದ್ಯರೂ ನಿಶ್ಚಿತವಾಗಿ ಹೇಳಲಾರರು. ಒಣ ತೊಗಟೆಯ ಹಾಸಿನ ಮೇಲೆ ಬಿದ್ದ ಹಿಕ್ಕೆಯಂತೂ ನೋಡುನೋಡುತ್ತಲೇ ನೀರು ಕಳೆದುಕೊಂಡು ಬೇರೆಯೇ ಆಗಿರುತ್ತದೆ.

ಇನ್ನು, ವಾರಕ್ಕೊಮ್ಮೆ ಹಿಕ್ಕೆ ಬೀಳಲೇಬೇಕೆಂಬ ನಿಯಮ. ಇದಕ್ಕೆ ಆಧಾರವಿಲ್ಲ. ಫ್ಲಾರಿಡಾ ವಿಶ್ವವಿದ್ಯಾಲಯದ ಹಾರ್ವೆ ಲಿಲ್ಲಿವೈಟ್ ಮತ್ತು ಜೊತೆಗಾರರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಫ್ರಿಕದ ಗಬೂನ್ ವೈಪರ್ ಒಂದು 420 ದಿನ ಮಲವನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿತ್ತು. ಮರ ಹತ್ತುವ ತೆಳ್ಳನೆಯ ಹಾವುಗಳು ದಿನಗಳಲ್ಲೇ ಹಗುರಾಗುತ್ತವೆ. ನೆಲದ ಮೇಲೆ ಹೊಂಚು ಹಾಕುವ ದಪ್ಪ ಹಾವುಗಳಿಗೆ ಆ ಭಾರ ಹಿಂಬದಿಯ ಆಧಾರವಾಗಿ ಒದಗುತ್ತದೆ ಎಂಬುದು ಅವರ ವಾದ. ಬಾಲ್ ಪೈಥಾನ್ ಎರಡು-ಮೂರು ಊಟದ್ದನ್ನು ಸೇರಿಸಿಟ್ಟು ಪೊರೆ ಬಿಟ್ಟ ಹೊತ್ತಿಗೆ ಒಮ್ಮೆಲೇ ಹಾಕುವುದೂ ಉಂಟು. ಬಾಲದ ಬುಡದ ಬಳಿ ಊದಿಕೊಂಡಿದ್ದರೆ, ಹಾವು ಮುಕ್ಕರಿಯುತ್ತಿದ್ದರೆ ಅದು ಬೇರೆ ಮಾತು.

ಪಟ್ಟಿಯನ್ನು ಬಿಟ್ಟು ಪ್ರಯೋಗಾಲಯಕ್ಕೆ ಹೋದರೂ ಎಚ್ಚರ ಬೇಕು. ಇಲಿಯ ಕರುಳಿನ ಹುಳುವಿನ ಮೊಟ್ಟೆಗಳು ಹಾವಿನ ಹೊಟ್ಟೆಯನ್ನು ಸುಮ್ಮನೆ ಹಾದು ಹಿಕ್ಕೆಯಲ್ಲಿ ಕಾಣಿಸಿಕೊಳ್ಳುತ್ತವೆ. ಅನುಭವವಿಲ್ಲದವರು ಹಾವಿಗೇ ಜಂತುಹುಳು ಎಂದು ಔಷಧಿ ಬರೆದುಬಿಡಬಹುದು. ಮತ್ತೊಂದು ಕಡೆ, ಜಠರವನ್ನು ದಪ್ಪಗಾಗಿಸಿ ಉಂಡದ್ದನ್ನು ಕಕ್ಕಿಸುವ ಕ್ರಿಪ್ಟೊಸ್ಪೊರಿಡಿಯಂ ಎಂಬ ಪರೋಪಜೀವಿ ಎಲ್ಲ ಹಿಕ್ಕೆಯಲ್ಲೂ ಹೊರಬೀಳುವುದಿಲ್ಲ. ಒಮ್ಮೆ ಸಿಗಲಿಲ್ಲವೆಂದರೆ ಇಲ್ಲವೆಂದಲ್ಲ, ಹಲವು ಸಲ ಮಾದರಿ ಕೊಡಬೇಕು. ಅದೂ ತಾಜಾ ಇರಬೇಕು, ಮುಚ್ಚಿದ ಡಬ್ಬಿಯಲ್ಲಿ ತಂಪಾಗಿರಬೇಕು.

ನಮ್ಮಲ್ಲಿ ಇದಕ್ಕೆ ಇನ್ನೊಂದು ತೊಡಕು. ನಾಗರಹಾವು, ಕೇರೆಹಾವುಗಳನ್ನು ಸಾಕುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಬಾಲ್ ಪೈಥಾನಿನಂಥ ಹೊರದೇಶದ ಹಾವಿಗೆ 2024ರ ನಿಯಮಗಳ ಪ್ರಕಾರ ನೋಂದಣಿ ಬೇಕು. ಕಾಗದಪತ್ರ ಇಲ್ಲದೆ ಇಟ್ಟುಕೊಂಡವರು ವೈದ್ಯರ ಬಾಗಿಲು ತಟ್ಟಲು ಹಿಂಜರಿದು ಪಟ್ಟಿಯನ್ನೇ ನೆಚ್ಚಿಕೊಂಡರೆ ಆಶ್ಚರ್ಯವಿಲ್ಲ. ಕಷ್ಟ ಹಾವಿಗೆ.

ಹಾವಿನ ಮಟ್ಟಿಗೆ ಅಚ್ಚುಕಟ್ಟಾದ ಕಂದು-ಬಿಳಿ ಹಿಕ್ಕೆಯೂ ಮನುಷ್ಯರಿಗೆ ನಿರಪಾಯವಲ್ಲ. ಯಾವ ಕಾಯಿಲೆಯೂ ಇಲ್ಲದ ಹಾವಿನ ಕರುಳಲ್ಲೂ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ ಸರೀಸೃಪ ಬೇಡವೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೇಳುವುದು ಇದೇ ಕಾರಣಕ್ಕೆ. ಪಟ್ಟಿ ಅಂಥ ಹಿಕ್ಕೆಗೆ ಪೂರ್ತಿ ಅಂಕ ಕೊಡುತ್ತದೆ. ಅದು ಬಿದ್ದ ನೀರಿನ ಬಟ್ಟಲನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬಾರದು ಎಂಬ ಒಂದು ಸಾಲಿಗೆ ಬಣ್ಣದ ಚೌಕಗಳ ನಡುವೆ ಜಾಗವಿಲ್ಲ.