ಬಿ ಫಾರ್ಮಿಗೂ ಮುಂಚಿನ ಮತದಾನ

ಇಂಡಿಯಲ್ಲಾಗಲಿ ಸಿಂದಗಿಯಲ್ಲಾಗಲಿ, ಪುರಸಭೆ ಚುನಾವಣೆಯ ದಿನಾಂಕ ಗೊತ್ತಾದ ಸಂಜೆ ಚಹಾದಂಗಡಿಗಳಲ್ಲಿ ಏಳುವ ಮೊದಲ ಪ್ರಶ್ನೆ ‘ಬಿ ಫಾರ್ಮ್ ಯಾರಿಗಂತ?’ ಎಂಬುದು. ಯಾರು ಗೆಲ್ಲುತ್ತಾರೆ ಎಂಬ ಮಾತು ಆಮೇಲಿನದು. ಜನ ದಡ್ಡರಲ್ಲ. ವಾರ್ಡಿನ ಅರ್ಧ ಚುನಾವಣೆ ಮತಯಂತ್ರ ಊರಿಗೆ ಬರುವ ಎಷ್ಟೋ ದಿನ ಮೊದಲೇ ಯಾರದೋ ಪಡಸಾಲೆಯಲ್ಲಿ, ಇಲ್ಲವೇ ವಿಜಯಪುರದ ಯಾವುದೋ ಲಾಡ್ಜಿನ ಕೋಣೆಯಲ್ಲಿ ಮುಗಿದಿರುತ್ತದೆಂದು ಅವರಿಗೆ ಗೊತ್ತು. ಆ ಕೋಣೆಯ ಚುನಾವಣೆಗೆ ಮತದಾರರ ಪಟ್ಟಿ ಇಲ್ಲ, ಏಜೆಂಟರಿಲ್ಲ, ಎಣಿಕೆ ಇಲ್ಲ. ವಾರ್ಡು ಮಹಿಳಾ ಮೀಸಲಿಗೆ ಬಂದರೆ ಆಕಾಂಕ್ಷಿಯ ಜಾಗಕ್ಕೆ ಅವನ ಹೆಂಡತಿ ಬರುತ್ತಾಳೆ. ಬ್ಯಾನರಿನಲ್ಲಿ ಗಂಡನ ಫೋಟೊ ಮಾತ್ರ ಮೊದಲಿದ್ದಷ್ಟೇ ದೊಡ್ಡದಾಗಿ ಉಳಿಯುತ್ತದೆ.

ಈ ಕೋಣೆಯ ಬಾಗಿಲು ತೆರೆದು, ಅಭ್ಯರ್ಥಿಯನ್ನೂ ಪಕ್ಷದ ಸಾಮಾನ್ಯ ಜನರೇ ಮತ ಹಾಕಿ ಆರಿಸಲಿ ಎಂಬುದು ಅಮೆರಿಕದವರ ಪ್ರೈಮರಿ ಪದ್ಧತಿ. 2025ರ ಜೂನ್ 24ರಂದು ನ್ಯೂಯಾರ್ಕ್ ನಗರದ ಮೇಯರ್ ಸ್ಥಾನಕ್ಕೆ ಡೆಮಾಕ್ರಟಿಕ್ ಪಕ್ಷದ ಪ್ರೈಮರಿ ನಡೆದಾಗ, ಮಾಜಿ ಗವರ್ನರ್ ಆಂಡ್ರ್ಯೂ ಕುಮೊ ಅವರನ್ನು ಜೊಹ್ರಾನ್ ಮಮ್ದಾನಿ ಎಂಬ ತರುಣ ಶಾಸಕ ಸೋಲಿಸಿದ ಸುದ್ದಿ ನಮ್ಮ ಪತ್ರಿಕೆಗಳಲ್ಲೂ ಬಂತು. ಆ ಮತದಾನದ ಕಟ್ಟಳೆ ಅಷ್ಟಾಗಿ ಸುದ್ದಿಯಾಗಲಿಲ್ಲ. ಅಲ್ಲಿ ಮತ ಹಾಕಬೇಕಾದರೆ ನಾನು ಡೆಮಾಕ್ರಟ್ ಎಂದು ಸರ್ಕಾರಿ ದಾಖಲೆಯಲ್ಲೇ ಹೆಸರು ಬರೆಸಿರಬೇಕು. ಬೇರೆ ಪಕ್ಷದಲ್ಲಿದ್ದವರು ಬದಲಾಯಿಸಿಕೊಳ್ಳಲು ಫೆಬ್ರುವರಿ 14ರೊಳಗೆ ಅರ್ಜಿ ಕೊಡಬೇಕಿತ್ತು, ಅಂದರೆ ಮತದಾನಕ್ಕೆ ನಾಲ್ಕು ತಿಂಗಳು ಮೊದಲೇ. ಪಟ್ಟಿಯನ್ನು ಇಡುವುದು ಚುನಾವಣಾ ಮಂಡಳಿ. ಕುಮೊ ಕಡೆಯವರೂ ಅಲ್ಲ, ಮಮ್ದಾನಿ ಕಡೆಯವರೂ ಅಲ್ಲ. ಪ್ರೈಮರಿಯ ಗುಣಗಾನ ಮಾಡುವವರು ಸಾಮಾನ್ಯವಾಗಿ ಮರೆಯುವುದು ಈ ಕೊನೆಯ ಸಂಗತಿಯನ್ನೇ.

ನಮ್ಮಲ್ಲೂ ಒಮ್ಮೆ ಪ್ರೈಮರಿ ಆಗಿದೆ. 2014ರ ಲೋಕಸಭಾ ಚುನಾವಣೆಗೆ ಮೊದಲು ರಾಹುಲ್ ಗಾಂಧಿ ದೇಶದ ಹದಿನೈದು–ಹದಿನಾರು ಕ್ಷೇತ್ರಗಳಲ್ಲಿ ಅದನ್ನು ಪ್ರಯೋಗಕ್ಕೆ ಹಚ್ಚಿದರು. ಕರ್ನಾಟಕದ ಪಾಲಿಗೆ ಬಂದದ್ದು ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ. ಬೆಂಗಳೂರಿನಲ್ಲಿ ಬಿ.ಎಲ್. ಶಂಕರ್ ಅವರನ್ನು ಹಿಂದಿಕ್ಕಿ ಸಿ. ನಾರಾಯಣಸ್ವಾಮಿ ಗೆದ್ದರು. ಮಂಗಳೂರಿನಲ್ಲಿ ವೀರಪ್ಪ ಮೊಯಿಲಿಯವರ ಮಗ ಹರ್ಷ ಮೊಯಿಲಿ ಹಳೆಯ ಹುಲಿ ಜನಾರ್ದನ ಪೂಜಾರಿಯವರೆದುರು ಸೋತರು. ಮುಂದಿನ ಕಥೆ ಎಲ್ಲರಿಗೂ ಗೊತ್ತು: ನಾರಾಯಣಸ್ವಾಮಿಯವರನ್ನು ಡಿ.ವಿ. ಸದಾನಂದ ಗೌಡರೂ ಪೂಜಾರಿಯವರನ್ನು ನಳಿನ್ ಕುಮಾರ್ ಕಟೀಲರೂ ಲಕ್ಷಕ್ಕೂ ಮಿಕ್ಕ ಅಂತರದಲ್ಲಿ ಮಣಿಸಿದರು. 2019ಕ್ಕೆ ಬರುವಾಗ ಪಕ್ಷವೇ ಆ ಪ್ರಯೋಗವನ್ನು ಅಟ್ಟಕ್ಕೆ ಹಾಕಿತ್ತು.

ಸೋಲಿನಿಂದಾಗಿ ಪದ್ಧತಿ ಕೆಟ್ಟದ್ದೆಂದು ತೀರ್ಮಾನಿಸುವುದು ಅನ್ಯಾಯ. ಆ ವರ್ಷ ಪ್ರೈಮರಿ ಇಲ್ಲದೆ ಟಿಕೆಟ್ ಪಡೆದ ಕಾಂಗ್ರೆಸ್ಸಿಗರೂ ದೇಶದ ತುಂಬ ಮಕಾಡೆ ಮಲಗಿದರು. ನನ್ನ ಆಕ್ಷೇಪಣೆ ಬೇರೆ. ಆ ಪ್ರೈಮರಿಯಲ್ಲಿ ಮತ ಯಾರದಿತ್ತು? ಬ್ಲಾಕ್, ಜಿಲ್ಲಾ ಮಟ್ಟದ ಪದಾಧಿಕಾರಿಗಳದು, ಸ್ಥಳೀಯ ಸಂಸ್ಥೆಗಳಲ್ಲಿ ಗೆದ್ದ ಪಕ್ಷದವರದು, ಯುವ ಕಾಂಗ್ರೆಸ್ಸಿನಂಥ ಘಟಕಗಳವರದು. ಹದಿನೈದು ಲಕ್ಷ ದಾಟುವ ಮತದಾರರಿರುವ ಕ್ಷೇತ್ರಕ್ಕೆ ಹೆಸರು ಆರಿಸಿದ್ದು ಒಂದು ಕಲ್ಯಾಣ ಮಂಟಪದಲ್ಲಿ ಹಿಡಿಸುವಷ್ಟು ಜನ. ಕೋಣೆ ದೊಡ್ಡದಾಯಿತು, ಬಾಗಿಲು ತೆರೆಯಲಿಲ್ಲ. ಯಾರ ಕೈಯಲ್ಲಿ ಪದಾಧಿಕಾರಿಗಳ ನೇಮಕ ಇತ್ತೋ ಅವರ ಕೈಯಲ್ಲೇ ಪಟ್ಟಿ ಇತ್ತು. ಪಟ್ಟಿ ಇದ್ದವರ ಕೈಯಲ್ಲೇ ಫಲಿತಾಂಶವೂ.

ಹಾಗಾದರೆ ಹೆಸರು ನೋಂದಾಯಿಸಿಕೊಂಡು ಮತ ಹಾಕುವ ಮುಕ್ತ ಪ್ರೈಮರಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಯ ಪುರಸಭೆಗಳಿಗೆ ಬಂದರೆ? ಊಹೆ ಹೆಣೆಯಬೇಕಾಗಿಲ್ಲ. ಹೊಸದಾಗಿ ಹೆಸರು ಬರೆಸಿ ಮತ ಹಾಕುವ ಪದ್ಧತಿ ಈ ನಾಲ್ಕೂ ತಾಲ್ಲೂಕಿನಲ್ಲಿ ಈಗಲೇ ಇದೆ. ವಿಧಾನ ಪರಿಷತ್ತಿನ ವಾಯವ್ಯ ಪದವೀಧರರ ಮತ್ತು ಶಿಕ್ಷಕರ ಕ್ಷೇತ್ರಗಳನ್ನು ನೋಡಿ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಜಿಲ್ಲೆ ಅದರೊಳಗೆ ಬರುತ್ತವೆ. ಆರು ವರ್ಷದ ಹಿಂದಿನ ಪಟ್ಟಿ ಇಲ್ಲಿ ನಡೆಯುವುದಿಲ್ಲ, ಪ್ರತಿ ಚುನಾವಣೆಗೂ ಪಟ್ಟಿ ಹೊಸದು. ಪದವಿ ಮುಗಿಸಿ ಮೂರು ವರ್ಷವಾಗಿರಬೇಕು, ನಮೂನೆ 18 ತುಂಬಬೇಕು; ಶಿಕ್ಷಕರಾದರೆ ನಮೂನೆ 19. ನವೆಂಬರ್ 1 ಅರ್ಹತಾ ದಿನ. ಪದವಿ ಪ್ರಮಾಣಪತ್ರದ ಜೆರಾಕ್ಸಿಗೆ ಪತ್ರಾಂಕಿತ ಅಧಿಕಾರಿಯ ಸಹಿ ಹಾಕಿಸಿ ತಹಶೀಲ್ದಾರ್ ಕಚೇರಿಗೆ ಕೊಡಬೇಕು. ಮತಪತ್ರದ ಮೇಲೆ ಆಯೋಗ ಕೊಟ್ಟ ನೇರಳೆ ಬಣ್ಣದ ಪೆನ್ನಿನಿಂದ 1, 2, 3 ಎಂದು ಪ್ರಾಶಸ್ತ್ಯ ಬರೆಯಬೇಕು. ನ್ಯೂಯಾರ್ಕಿನವರು ಐದು ಹೆಸರಿಗೆ ಪ್ರಾಶಸ್ತ್ಯ ಕೊಟ್ಟು ಮೇಯರ್ ಅಭ್ಯರ್ಥಿಯನ್ನು ಆರಿಸಿದ್ದು ದೊಡ್ಡ ಬೆರಗೆಂದು ಓದಿದ ಮಾಸ್ತರರು ತಾವೇ ಅಂಥ ಮತ ಎಷ್ಟೋ ಸಲ ಹಾಕಿದ್ದನ್ನು ನೆನೆಸಿಕೊಳ್ಳಲಿ. ಅಂಕಿ ಬರೆಯುವಲ್ಲಿ ಟಿಕ್ ಹೊಡೆದು ಮತ ಕೆಡಿಸಿಕೊಂಡ ಪದವೀಧರರೂ ಇದ್ದಾರೆ; ಎಣಿಕೆಯ ದಿನ ತಿರಸ್ಕೃತ ಮತಗಳ ಕಟ್ಟು ಕಂಡಾಗ ನಗಬೇಕೋ ಅಳಬೇಕೋ ತಿಳಿಯದು.

ಆದರೆ ಈ ನೋಂದಣಿ ನಿಜಕ್ಕೂ ನಡೆಯುವುದು ಹೇಗೆ? ಅರ್ಜಿಗಳನ್ನು ಕಟ್ಟು ಕಟ್ಟಾಗಿ ಸ್ವೀಕರಿಸಬಾರದು ಎಂದು ಚುನಾವಣಾ ಆಯೋಗದ ನಿಯಮವಿದೆ. ಒಂದೇ ಮನೆಯವರದು, ಒಂದೇ ಸಂಸ್ಥೆಯ ನೌಕರರದು ಒಟ್ಟಿಗೆ ಬರಬಹುದು, ಅಷ್ಟೆ. ನಿಯಮ ಚೊಕ್ಕವಾಗಿದೆ. ಆದರೆ ಅಕ್ಟೋಬರಿನಲ್ಲಿ ಒಬ್ಬ ಪದವೀಧರ ತಾನಾಗಿಯೇ ನೆನಪಿಟ್ಟು ನಮೂನೆ ತುಂಬುವುದು ಅಪರೂಪ. ‘ಸರ್, ಒಂದ್ ಸಹಿ ಹಾಕ್ರಿ ಸಾಕು, ಉಳಿದದ್ದು ನಾವ್ ನೋಡ್ಕೋತೀವಿ’ ಎಂದು ಮನೆ ಬಾಗಿಲಿಗೆ ಬರುವವರು ಮುಂದೆ ಸ್ಪರ್ಧಿಸಲಿರುವವರ ಕಡೆಯವರು. ಹುಡುಗರ ಕೈಯಲ್ಲಿ ನಮೂನೆಗಳ ಕಟ್ಟು, ಅಂಟಿಸಲು ಗೋಂದು, ಫೋಟೊ ತೆಗೆಯಲು ಮೊಬೈಲು ಎಲ್ಲ ತಯಾರು. ಯಾರು ಹೆಚ್ಚು ನಮೂನೆ ತುಂಬಿಸಿದರೋ ಅವರು ಮತದಾನಕ್ಕೆ ಆರು ತಿಂಗಳು ಮೊದಲೇ ಅರ್ಧ ದಾರಿ ಸವೆಸಿರುತ್ತಾರೆ. 2022ರ ಜೂನ್ 13ರ ಮತದಾನದಲ್ಲಿ ಪದವೀಧರರ ಕ್ಷೇತ್ರದಿಂದ ಬಿಜೆಪಿಯ ಹಣಮಂತ ನಿರಾಣಿ ಗೆದ್ದರು. ಶಿಕ್ಷಕರ ಕ್ಷೇತ್ರದಲ್ಲಿ ವಿಜಯಪುರದವರೇ ಆದ ಅರುಣ ಶಹಾಪುರ ಅವರನ್ನು ಕಾಂಗ್ರೆಸ್ಸಿನ ಪ್ರಕಾಶ ಹುಕ್ಕೇರಿ ಸೋಲಿಸಿದರು. ಮತದಾರ ಶಿಕ್ಷಕನಾಗಿರಲೇಬೇಕು, ಅಭ್ಯರ್ಥಿ ಆಗಿರಬೇಕಾಗಿಲ್ಲ. ಮಾಜಿ ಮಂತ್ರಿ, ಮಾಜಿ ಸಂಸದ ಹುಕ್ಕೇರಿಯವರು ಶಾಲೆಯಲ್ಲಿ ಪಾಠ ಮಾಡಿದ ಹಿನ್ನೆಲೆಯಿಂದ ಗೆದ್ದವರಲ್ಲ.

ಸಹಕಾರ ಸಂಘಗಳ ಚುನಾವಣೆ ಇನ್ನೂ ಬಿಚ್ಚು ಉದಾಹರಣೆ. ಊರಿನ ಪಿಕೆಪಿಎಸ್ ಇರಲಿ, ಇಂಡಿ ತಾಲ್ಲೂಕಿನ ಮರಗೂರಿನ ಭೀಮಾಶಂಕರ ಸಕ್ಕರೆ ಕಾರ್ಖಾನೆಯಂಥ ದೊಡ್ಡ ಸಂಸ್ಥೆಯೇ ಇರಲಿ, ಸಹಕಾರ ಕಾಯ್ದೆಯ ಪ್ರಕಾರ ಮಹಾಸಭೆಗಳಿಗೆ ಬಾರದವರು, ಕನಿಷ್ಠ ವ್ಯವಹಾರ ಮಾಡದವರು ಅನರ್ಹ ಮತದಾರರು. ಮಹಾಸಭೆಯ ಹಾಜರಿ ಪುಸ್ತಕ ಇರುವುದು ಈಗಿನ ಆಡಳಿತ ಮಂಡಳಿಯ ಕೈಕೆಳಗೆ. ಹಾಗಾಗಿ ರಾಜ್ಯದುದ್ದಕ್ಕೂ ಸಹಕಾರ ಚುನಾವಣೆ ಬಂದಾಗಲೆಲ್ಲ ಹೈಕೋರ್ಟಿಗೆ ಅರ್ಜಿಗಳ ಜಾತ್ರೆ. ಕೋರ್ಟಿನ ಆದೇಶ ಹಿಡಿದು ಬಂದವರ ಮತವನ್ನು ಬೇರೆ ಪೆಟ್ಟಿಗೆಯಲ್ಲಿ ಹಾಕಿಸಿ ಎಣಿಕೆ ತಡೆಹಿಡಿದ ಪ್ರಸಂಗ ಈಗ ಯಾರಿಗೂ ಸೋಜಿಗವಲ್ಲ. ಎರಡು ಪೆಟ್ಟಿಗೆ ಇಟ್ಟ ಚುನಾವಣೆಯನ್ನು ಕಂಡ ರೈತನಿಗೆ ‘ಪಕ್ಷದ ಒಳಗಿನ ಪ್ರಜಾಪ್ರಭುತ್ವ’ ಎಂದು ಭಾಷಣ ಮಾಡಿದರೆ ಅವನು ಕೇಳುವುದು ಒಂದೇ: ‘ಲಿಸ್ಟ್ ಮಾಡೋರ್ ಯಾರ್ರಿ?’

ಯುವ ಕಾಂಗ್ರೆಸ್ಸಿನ ಆಂತರಿಕ ಚುನಾವಣೆಯಲ್ಲಿ ಇದೇ ಪ್ರಶ್ನೆ ಮೊಬೈಲಿಗೆ ಹತ್ತಿತು. ಸದಸ್ಯತ್ವ ಮಾಡಿಸಿದವರೇ ಅಭ್ಯರ್ಥಿಗಳು, ಶುಲ್ಕ ಕಟ್ಟಿದವರೂ ಎಷ್ಟೋ ಕಡೆ ಅವರೇ. 2021ರಲ್ಲಿ ಹೆಚ್ಚು ಮತ ಪಡೆದ ಮೊಹಮ್ಮದ್ ನಲಪಾಡ್ ಅವರನ್ನು ಅನರ್ಹಗೊಳಿಸಿ ರಕ್ಷಾ ರಾಮಯ್ಯ ಅವರನ್ನು ಅಧ್ಯಕ್ಷರೆಂದು ಸಾರಿದರು. ಮರುವರ್ಷ ಕುರ್ಚಿ ನಲಪಾಡ್ ಅವರಿಗೇ ಹೋಯಿತು. ಮತದಾರರಿಗೆ ಒಂದು ಸಲ, ನಾಯಕರಿಗೆ ಎರಡು ಸಲ ಆಯ್ಕೆಯ ಅವಕಾಶ ಸಿಕ್ಕಂತಾಯಿತು.

ಇನ್ನೊಂದು ತೊಡಕು ದೊಡ್ಡ ನಗರದವರಿಗೆ ಬೇಗ ಹೊಳೆಯುವುದಿಲ್ಲ. ನ್ಯೂಯಾರ್ಕಿನಲ್ಲಿ ನಾನು ಇಂಥ ಪಕ್ಷದವನೆಂದು ದಾಖಲೆಗೆ ಹತ್ತಿಸಿದರೆ ಮನೆಯ ನಳದ ನೀರು ನಿಲ್ಲುವುದಿಲ್ಲ. ಮುದ್ದೇಬಿಹಾಳದ ಒಂದು ಓಣಿಯಲ್ಲಿ ಆಶ್ರಯ ಮನೆಗೋ ವಿಧವಾ ವೇತನಕ್ಕೋ ಅರ್ಜಿ ಹಾಕಿದ ಹೆಂಗಸು ತನ್ನ ಹೆಸರು ಒಂದು ಪಕ್ಷದ ಪಟ್ಟಿಯಲ್ಲಿ ಅಚ್ಚಾಗುವುದನ್ನು ಹಗುರವಾಗಿ ತಗೊಳ್ಳಲಾರಳು. ‘ಎಲ್ಲರೂ ನಮ್ಮವರೇ ಅಲ್ರಿ’ ಎಂದು ನಗುತ್ತ ಮೂರೂ ಪಕ್ಷದ ಚೀಟಿ ಇಸಕೊಂಡು, ಗುಟ್ಟಾಗಿ ಒತ್ತಬೇಕಾದ್ದನ್ನು ಒತ್ತಿ ಬರುವುದು ಅವಳ ರಕ್ಷಣೆ. ವಾರ್ಡು ಮೊದಲೇ ಚಿಕ್ಕದು. ಬೂತ್‌ವಾರು ಎಣಿಕೆ ಹೊರಬಿದ್ದರೆ ಯಾವ ಓಣಿ ಕೈಕೊಟ್ಟಿತೆಂದು ಸಂಜೆಯೊಳಗೆ ಲೆಕ್ಕ ಹಾಕುವವರಿದ್ದಾರೆ. ಇರುವ ಅಷ್ಟಿಷ್ಟು ಗುಟ್ಟನ್ನೂ ಪಕ್ಷ ನೋಂದಣಿ ಕಿತ್ತುಕೊಳ್ಳುತ್ತದೆ. ಅಮೆರಿಕದ ಮುಚ್ಚಿದ ಪ್ರೈಮರಿಯನ್ನು ಹಾಗೇ ಇಲ್ಲಿಗೆ ಎತ್ತಿ ತರುವುದನ್ನು ನಾನು ಒಪ್ಪದಿರಲು ಇದೇ ಮುಖ್ಯ ಕಾರಣ.

ಇನ್ನು ದುಡಿಯಲು ಹೋದವರ ಮಾತು. ಇಂಡಿ, ಸಿಂದಗಿ ಕಡೆಯ ಎಷ್ಟೋ ಸಂಸಾರಗಳು ಪುಣೆ, ಮುಂಬೈ, ಗೋವಾದಲ್ಲಿ ವರ್ಷದ ಬಹುಪಾಲು ಕಳೆಯುತ್ತವೆ. ಪುರಸಭೆಗೆ ಬೇರೆ ನೋಂದಣಿ ಬೇಡ, ವಿಧಾನಸಭೆಯ ಪಟ್ಟಿಯನ್ನೇ ವಾರ್ಡುವಾರು ಒಡೆಯುತ್ತಾರೆ. ಹಾಗಾಗಿ ನಮೂನೆ 6 ತುಂಬಿ ಒಮ್ಮೆ ಹೆಸರು ಸೇರಿಸಿದರೆ ಅವರಿಗೂ ಮತ ಉಂಟು, ಹಬ್ಬಕ್ಕೋ ಮತದಾನಕ್ಕೋ ಬಂದಾಗ ಹಾಕುತ್ತಾರೆ. 2022ರ ಆಗಸ್ಟಿನಿಂದ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕ ಮಾಡಿದ್ದರಿಂದ 18 ತುಂಬಿದವರು ಮುಂದಿನ ಜನವರಿಗೆ ಕಾಯಬೇಕಾಗಿಲ್ಲ. ಇಂಥವರನ್ನು ಪ್ರೈಮರಿಗೆಂದು ಇನ್ನೊಂದು ನೋಂದಣಿಗೆ, ಇನ್ನೊಂದು ಮತದಾನಕ್ಕೆ ಗೋವಾದಿಂದ ಕರೆಸುವುದು ಯಾರು? ಬಸ್ಸಿನ ಖರ್ಚು ಕೊಡುವವರು. ಅವರು ಯಾರೆಂದು ಹೇಳಬೇಕಾಗಿಲ್ಲ.

ಕೋಣೆಯ ತೀರ್ಮಾನ ಯಾವಾಗಲೂ ತಪ್ಪಾಗಿರುತ್ತದೆ ಎಂದೂ ನಾನು ವಾದಿಸಲಾರೆ. ಸಿಂದಗಿಯ ಶಾಸಕ, ಜೆಡಿಎಸ್‌ನ ಎಂ.ಸಿ. ಮನಗೂಳಿ 2021ರ ಜನವರಿಯಲ್ಲಿ ತೀರಿಕೊಂಡ ಮೇಲೆ ಅವರ ಮಗ ಅಶೋಕ ಮನಗೂಳಿ ಕಾಂಗ್ರೆಸ್ ಸೇರಿ ಆ ಪಕ್ಷದ ಟಿಕೆಟ್ ಪಡೆದರು. ಅಕ್ಟೋಬರ್ 30ರ ಉಪಚುನಾವಣೆಯಲ್ಲಿ ಬಿಜೆಪಿಯ ರಮೇಶ ಭೂಸನೂರ ಅವರೆದುರು ಮೂವತ್ತು ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಪ್ರೈಮರಿ ಇದ್ದಿದ್ದರೆ, ಮೊನ್ನೆ ಬಂದವರಿಗೆ ಹಳೆಯ ಕಾರ್ಯಕರ್ತರು ಮತ ಹಾಕುತ್ತಿದ್ದರೋ ಇಲ್ಲವೋ. ಆದರೆ ಅದೇ ಅಶೋಕ ಮನಗೂಳಿ ಅದೇ ಪಕ್ಷದಿಂದ 2023ರಲ್ಲಿ ಗೆದ್ದರು. ಮುದ್ದೇಬಿಹಾಳದಲ್ಲಿ, ದೇವರಹಿಪ್ಪರಗಿಯಿಂದ ಕಾಂಗ್ರೆಸ್ ಶಾಸಕರಾಗಿದ್ದ ಎ.ಎಸ್. ಪಾಟೀಲ ನಡಹಳ್ಳಿ 2018ರಲ್ಲಿ ಬಿಜೆಪಿಯಿಂದ ಗೆದ್ದು, 2023ರಲ್ಲಿ ಸಿ.ಎಸ್. ನಾಡಗೌಡರೆದುರು ಸೋತರು. ಹೊರಗಿನಿಂದ ಬಂದವರನ್ನು ಮತದಾರರು ತಾವೇ ತೂಗಿ ನೋಡುತ್ತಾರೆ, ಅವಸರವಿಲ್ಲದೆ.

ವಿಧಾನಸಭೆಯಲ್ಲಿ ಅದು ಸಾಗುತ್ತದೆ. ಪುರಸಭೆ ವಾರ್ಡಿನಲ್ಲಿ ಸಾಗುವುದು ಕಷ್ಟ. ಅಲ್ಲಿ ಗೆದ್ದವನ ಸ್ವಾತಂತ್ರ್ಯವೇ ತೆಳು. 2018ರ ಆಗಸ್ಟ್ 31ರಂದು ರಾಜ್ಯದ ನೂರಕ್ಕೂ ಹೆಚ್ಚು ನಗರ ಸ್ಥಳೀಯ ಸಂಸ್ಥೆಗಳಿಗೆ ಮತದಾನವಾಯಿತು. ಗೆದ್ದವರು ಅಧ್ಯಕ್ಷ–ಉಪಾಧ್ಯಕ್ಷ ಮೀಸಲಾತಿಯ ವ್ಯಾಜ್ಯದಿಂದಾಗಿ ಸುಮಾರು ಎರಡು ವರ್ಷ ಅಧಿಕಾರವಿಲ್ಲದೆ ಕೂತರು. ಕೊನೆಗೆ ಅಧ್ಯಕ್ಷರ ಆಯ್ಕೆ ಬಂದರೆ ಶಾಸಕರಿಗೂ ಸಂಸದರಿಗೂ ಅಲ್ಲಿ ಮತವಿದೆ. 1987ರ ಪಕ್ಷಾಂತರ ನಿಷೇಧ ಕಾಯ್ದೆ ಇರುವುದರಿಂದ ವಿಪ್ ಮೀರಿದ ಸದಸ್ಯ ಕುರ್ಚಿ ಕಳೆದುಕೊಳ್ಳಬಹುದು. ಬಿ ಫಾರ್ಮ್ ಕೊಟ್ಟವನೇ ವಿಪ್ಪನ್ನೂ ಕೊಡಿಸುತ್ತಾನೆ. ಹೀಗಿರುವಾಗ ಆ ಒಂದು ಹಾಳೆ ಯಾರಿಗೆ ಹೋಗಬೇಕೆಂದು ವಾರ್ಡಿನವರು ಹೇಳುವುದು ನ್ಯಾಯವೇ.

ಅದಕ್ಕೆ ಪಕ್ಷದ ಪಟ್ಟಿ ಬೇಡ, ಸದಸ್ಯತ್ವದ ಆ್ಯಪ್ ಬೇಡ. ವಾರ್ಡಿನ ಮತದಾರರ ಪಟ್ಟಿ ಪುರಸಭೆಯಲ್ಲೇ ಇದೆ. ಅದರಲ್ಲಿ ಹೆಸರಿರುವ ಯಾರೇ ಬರಲಿ, ಪಕ್ಷದ ಗುರುತು ಹೇಳದೆ, ಒಂದು ಸಂಜೆ ಸಮುದಾಯ ಭವನದಲ್ಲಿ ಚೀಟಿ ಹಾಕಿ ಹೋಗಲಿ. ಎದುರು ಪಕ್ಷದವರೂ ಬಂದು ದುರ್ಬಲನಿಗೆ ಮತ ಹಾಕುತ್ತಾರೆ ಎನ್ನುತ್ತಾರೆ. ಹಾಕಲಿ, ಆ ಕುಯುಕ್ತಿ ಈಗ ಬಾಗಿಲು ಮುಚ್ಚಿದ ಕೋಣೆಯಲ್ಲೂ ನಡೆಯುತ್ತದೆ. ಎಣಿಕೆ ಮಾತ್ರ ಆಕಾಂಕ್ಷಿಗಳ ಕೈಗೆ ಸಿಗಬಾರದು, ನಿವೃತ್ತ ಹೆಡ್‌ಮಾಸ್ತರರೋ ಬೇರೆ ಊರಿನವರೋ ಮಾಡಲಿ. ಯಾವ ಪಕ್ಷವಾದರೂ ಒಂದೇ ಒಂದು ಪುರಸಭೆಯಲ್ಲಿ ಇದನ್ನು ಮಾಡಿ ತೋರಿಸಿದರೆ ನಾನು ಹೋಗಿ ಮತ ಹಾಕುತ್ತೇನೆ. ಸದಸ್ಯತ್ವದ ರಸೀದಿ ತೋರಿಸಿ ಎಂದರೆ ಮನೆಯಲ್ಲೇ ಇರುತ್ತೇನೆ.