ಒಂದೇ ಬಟನ್ನಿನವರ ಮೇಲೆ ನನ್ನ ತಕರಾರು

  ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಮನೆಗಳ ಟ್ರಂಕಿನಲ್ಲಿ ಉಳಿದಿರುವ ಮಿನಿ ಡಿವಿ ಕ್ಯಾಸೆಟ್ಟುಗಳ ಮಾತು ಆಗಬೇಕು. ಮದುವೆ, ಜಾತ್ರೆ, ಬೆಳತನಕ ನಡೆದ ಶ್ರೀಕೃಷ್ಣ ಪಾರಿಜಾತದ ಬಯಲಾಟ ಎಲ್ಲ ಅದರಲ್ಲಿವೆ. ಈಗ ಅವನ್ನು ಎಂಪಿ4 ಮಾಡಿಕೊಡುವವರಲ್ಲಿ ಹೆಚ್ಚಿನವರು ಒಂದೇ ಬಟನ್ನಿನ ಪಂಥದವರು: ಫೈಲ್ ಎಳೆದು ಹಾಕು, ಒತ್ತು, ಮುಗಿಯಿತು.

ಮುಗಿಯುವುದಿಲ್ಲ. ಪಾರಿಜಾತದ ಸತ್ಯಭಾಮೆ ಗಿರಕಿ ಹೊಡೆದಾಗ ಸೀರೆಯ ಅಂಚಿಗೆ ಹಣಿಗೆಯ ಹಲ್ಲಿನಂಥ ಗೆರೆಗಳು ಏಳುತ್ತವೆ. ನಮ್ಮ ಪಾಲ್ ಪದ್ಧತಿಯ ಡಿವಿಯಲ್ಲಿ 576 ಸಾಲು, ಸೆಕೆಂಡಿಗೆ 25 ಚಿತ್ರ. ಆದರೆ ಪ್ರತಿ ಚಿತ್ರವೂ ಫೀಲ್ಡ್ ಎಂಬ ಎರಡು ಅರ್ಧಗಳದ್ದು. ಒಂದು ಅರ್ಧ ಹಿಡಿದ ಮೇಲೆ ಸೆಕೆಂಡಿನ ಐವತ್ತನೆಯ ಒಂದು ಪಾಲು ಕಳೆದು ಇನ್ನೊಂದು. ಅಂದರೆ ಕ್ಯಾಮೆರಾ ಕಂಡದ್ದು ಸೆಕೆಂಡಿಗೆ 50 ಕ್ಷಣ. ಎರಡನ್ನೂ ಹಾಗೇ ಹೊಸೆದರೆ ಗೆರೆ ಬರುತ್ತದೆ, ಒಂದನ್ನು ಬಿಸಾಡಿದರೆ ಕುಣಿತದ ಅರ್ಧ ಹೋಗುತ್ತದೆ. ಆಟದ ದೂತಿಯ ಕೈ, ಕತ್ತು, ಹುಬ್ಬಿನ ಚುರುಕು ಇರುವುದೇ ಆ ಬಿಸಾಡಿದ ಅರ್ಧದಲ್ಲಿ.

ಇದಕ್ಕೆ ಉಪಾಯವಿದೆ: ವಿಡಿಯೊ ಪರಿವರ್ತಿಸುವ ಹ್ಯಾಂಡ್‌ಬ್ರೇಕ್ ಎಂಬ ತಂತ್ರಾಂಶದ ಫಿಲ್ಟರ್ಸ್ ಪುಟಕ್ಕೆ ಹೋಗಿ, ಡಿಇಂಟರ್ಲೇಸ್‌ನಲ್ಲಿ ಯಾಡಿಫ್ ಆರಿಸಿ, ಅದರ ಕೆಳಗೆ, ಎರಡೂ ಅರ್ಧಗಳನ್ನು ಬೇರೆ ಬೇರೆ ಚಿತ್ರವಾಗಿ ಉಳಿಸುವ ಬಾಬ್ ಇಡಿ. ವಿಡಿಯೊ ಪುಟದಲ್ಲಿ ಫ್ರೇಮ್ ರೇಟ್ 50 ಮಾಡುವುದನ್ನು ಮರೆಯಬೇಡಿ. ಸಿದ್ಧ ಪ್ರಿಸೆಟ್‌ಗಳಲ್ಲಿ ಹಲವು 30ಕ್ಕೆ ಕಡಿವಾಣ ಹಾಕಿರುತ್ತವೆ. ಡಿವಿಯಲ್ಲಿ ಕೆಳಗಿನ ಫೀಲ್ಡ್ ಮೊದಲು ಬರುತ್ತದೆ. ಅದು ತಿರುಗುಮುರುಗಾದರೆ ನಡೆಯುವ ಮನುಷ್ಯ ಹಿಂದೆ ಮುಂದೆ ಜಗ್ಗಿದಂತೆ ಕಾಣುತ್ತಾನೆ.

ಹ್ಯಾಂಡ್‌ಬ್ರೇಕಿನಂಥ ಕಿಟಕಿಗಳೆಲ್ಲ ಒಳಗಿರುವ ಎಂಜಿನ್ನಿಗೆ ಮುಖವಷ್ಟೇ. ಫ್ಯಾಬ್ರಿಸ್ ಬೆಲಾರ್ 2000ದಲ್ಲಿ ಶುರು ಮಾಡಿದ ಎಫ್‌ಎಫ್‌ಎಂಪೆಗ್ ಇಂಥ ಎಷ್ಟೋ ಕಿಟಕಿಗಳ ಹಿಂದೆ ದುಡಿಯುತ್ತಿದೆ. ಒಳ್ಳೆಯ ಮುಖ ತಾನು ಎಂಜಿನ್ನಿಗೆ ಏನು ಹೇಳಿದೆನೆಂದು ತೋರಿಸಬೇಕು, ಇದು ನನ್ನ ಹಳೆಯ ಹಟ. ವಿಡಿಯೊ ತುಂಡರಿಸುವ ಲಾಸ್‌ಲೆಸ್‌ಕಟ್ ತಾನು ಓಡಿಸಿದ ಕಮಾಂಡುಗಳನ್ನು ತೆರೆದಿಡುತ್ತದೆ; ಅದಕ್ಕೇ ನನಗದು ಇಷ್ಟ. ಆ ಕಮಾಂಡಿನ ಸಾಲನ್ನು ಒಂದು ಟೆಕ್ಸ್ಟ್ ಫೈಲಿನಲ್ಲಿ ಹಾಕಿಟ್ಟರೆ ಉಳಿದ ಕ್ಯಾಸೆಟ್ಟುಗಳಿಗೂ ಅದೇ ಹದ ಸಿಗುತ್ತದೆ. ಮುಂದೆ ಮೊಮ್ಮಕ್ಕಳು ತೆಗೆದು ನೋಡಿದಾಗ ಈ ಫೈಲಿಗೆ ಏನೇನು ಮಾಡಿದ್ದಾರೆಂದು ತಿಳಿಯುತ್ತದೆ.

ತುಂಡು ಮಾಡುವುದಕ್ಕಷ್ಟೇ ಮತ್ತೆ ಎನ್‌ಕೋಡ್ ಮಾಡುವವರ ಮೇಲಂತೂ ನನಗೆ ನಿಜವಾದ ಸಿಟ್ಟಿದೆ. ಎಫ್‌ಎಫ್‌ಎಂಪೆಗ್‌ಗೆ ‘ಕಾಪಿ’ ಎಂಬ ಒಂದು ಆದೇಶ ಸಾಕು. ಚಿತ್ರ ಒಂದಿಷ್ಟೂ ಕೆಡದೆ ತುಂಡಾಗುತ್ತದೆ. ಹ್ಯಾಂಡ್‌ಬ್ರೇಕಿಗೆ ಈ ಕೆಲಸ ಒಪ್ಪಿಸಬೇಡಿ, ಅದು ವಿಡಿಯೊವನ್ನು ಪ್ರತಿ ಸಲವೂ ಹೊಸದಾಗಿ ಎನ್‌ಕೋಡ್ ಮಾಡುತ್ತದೆ.

ಫೈರ್‌ವೈರ್ ಪೋರ್ಟ್ ಇರುವ ಕಂಪ್ಯೂಟರ್, ಓಡುವ ಹಳೆಯ ಕ್ಯಾಮೆರಾ ಎರಡೂ ಊರಲ್ಲಿ ಯಾರ ಹತ್ತಿರವಾದರೂ ಇದ್ದರೆ ಈ ಮಳೆಗಾಲದೊಳಗೆ ಟೇಪುಗಳನ್ನು ಇಳಿಸಿಕೊಳ್ಳಿ. ಡಿವಿ ಒಂದು ಗಂಟೆಗೆ ಸುಮಾರು 13 ಜಿಬಿ ತಿನ್ನುತ್ತದೆ, ತಿನ್ನಲಿ. ಎಂಪಿ4 ಕೈಗೆ ಬಂತೆಂದು ಆ ಮೂಲ ಫೈಲನ್ನು ಮಾತ್ರ ಅಳಿಸಬೇಡಿ.