ಫೈಲು ಮಾರ್ಗದ ಶಬ್ದರೂಪ: ಒಂದು ವಿಮರ್ಶೆ

ಗಣಕಯಂತ್ರದಲ್ಲಿ ಫೈಲು ಎಲ್ಲಿದೆಯೆಂದು ತಿಳಿಸುವ ಪಾಥ್, ಎಂದರೆ ಮಾರ್ಗವು, ಪೈಥಾನ್ ಭಾಷೆಯಲ್ಲಿ ಬಹುಕಾಲ ಬರಿಯ ಅಕ್ಷರಪಂಕ್ತಿಯಾಗಿಯೇ ಇದ್ದಿತು. ಆಂತ್ವಾನ್ ಪಿತ್ರೂ ಅವರು ರಚಿಸಿದ ಪಾಥ್‌ಲಿಬ್ ಎಂಬ ಲೈಬ್ರರಿಯು 2014ರಲ್ಲಿ, 3.4ನೆಯ ಆವೃತ್ತಿಯೊಡನೆ ಬಂದು, ಅದಕ್ಕೆ ಸ್ವತಂತ್ರ ವಸ್ತುವೆಂಬ ಪದವಿಯನ್ನು ಕೊಟ್ಟಿತು. ಆದರೆ ಆ ವಸ್ತುವನ್ನು ಹೊರಗೆ ತಿಳಿಸುವಾಗ ಮತ್ತೆ ಅಕ್ಷರಗಳೇ ಗತಿಯಷ್ಟೆ. ಆ ಶಬ್ದರೂಪವು ಮೂಲಕ್ಕೆ ಎಷ್ಟು ನಿಷ್ಠವೆಂಬುದೇ ಇಲ್ಲಿ ವಿಚಾರ್ಯವಾದ ವಿಷಯ.

ಗ್ರಂಥಕಾರರು ಎರಡು ರೂಪಗಳನ್ನಿಟ್ಟಿರುವರು. 'ರೆಪ್ರ್' ಎಂಬುದು ಪ್ರೋಗ್ರಾಂ ಬರೆಯುವವನ ಕಣ್ಣಿಗೆ. ಅದು ವರ್ಗನಾಮವನ್ನೂ ಕೂಡಿಸಿ ಪಾಸಿಕ್ಸ್‌ಪಾಥ್('ಗ್ರಂಥ/ಸೂಚಿ') ಎನ್ನುವುದು. ಪದಪಾಠದಲ್ಲಿ ಪ್ರಗೃಹ್ಯಪದದ ಮುಂದೆ 'ಇತಿ' ಸೇರಿಸಿ ಅದರ ಸ್ವರೂಪವನ್ನು ತೋರುವಂತೆ, ಇಲ್ಲಿ ವರ್ಗನಾಮವು ಇದು ಬರಿಯ ಅಕ್ಷರಗಳಲ್ಲವೆಂದು ಸಾರುತ್ತದೆ. ವಿಂಡೋಸ್‌ನಲ್ಲಿಯೂ ಈ ರೂಪವು ಮುಮ್ಮುಖವಾದ ಓರೆಗೆರೆಯನ್ನೇ ಬಳಸುವುದು; ಹಿಮ್ಮುಖದ ಗೆರೆಯನ್ನು ಪೈಥಾನಿನಲ್ಲಿ ಇಮ್ಮಡಿಸಿ ಬರೆಯಬೇಕಾದುದರಿಂದ ಇದು ಸಾಧುವಾದ ನಿರ್ಣಯವೇ ಸರಿ.

ಆಕ್ಷೇಪವಿರುವುದು ಎರಡನೆಯದಾದ 'ಸ್ಟ್ರ್' ರೂಪದಲ್ಲಿ. ಶೆಲ್ಲಿಗೂ ಇತರ ಪ್ರೋಗ್ರಾಂಗಳಿಗೂ ಸಲ್ಲುವುದು ಇದೇ. 'ಗ್ರಂಥ//ಸೂಚಿ' ಎಂಬಲ್ಲಿ ಒಂದು ಗೆರೆ ಲೋಪವಾಗುವುದು, ಅರ್ಥಭೇದವಿಲ್ಲ, ಒಪ್ಪಬಹುದು. 'ಗ್ರಂಥ/../ಸೂಚಿ' ಎಂಬುದನ್ನು ಮಾತ್ರ ಸಂಕ್ಷೇಪಿಸದೆ ಉಳಿಸಿರುವರು. 'ಗ್ರಂಥ'ವು ಬೇರೆಡೆಗೆ ಕೊಂಡೊಯ್ಯುವ ಸಾಂಕೇತಿಕ ಕೊಂಡಿಯಾಗಿರಬಹುದಾದುದರಿಂದ ಈ ಎಚ್ಚರವು ಶ್ಲಾಘ್ಯ. ಆದರೆ ಅದೇ ಎಚ್ಚರವು './ಶೋಧ' ಎಂಬಲ್ಲಿ ಏಕೆ ತಪ್ಪಿತು? ಅದು 'ಶೋಧ' ಎಂದಷ್ಟೇ ಉಳಿಯುವುದು. ಯೂನಿಕ್ಸ್ ಶೆಲ್ಲಿನಲ್ಲಿ ಮೊದಲನೆಯದು ಈ ಡೈರೆಕ್ಟರಿಯಲ್ಲಿರುವ ಪ್ರೋಗ್ರಾಂ. ಎರಡನೆಯದನ್ನು ಶೆಲ್ಲು ನಿಯತವಾದ ಬೇರೆ ಡೈರೆಕ್ಟರಿಗಳಲ್ಲಿ ಹುಡುಕುವುದು. ಅಲ್ಲಿ ಅದೇ ಹೆಸರಿನ ಮತ್ತೊಂದು ಸಿಕ್ಕಿದರೆ ಅದೇ ನಡೆಯುವುದು! ಹಾಗೆಯೇ 'ಗ್ರಂಥ/' ಎಂಬುದರ ಕೊನೆಯ ಗೆರೆಯೂ ಲುಪ್ತವಾಗುವುದು. ಆರ್‌ಸಿಂಕ್ ಎಂಬ ಪ್ರತಿಮಾಡುವ ಪ್ರೋಗ್ರಾಂಗೆ ಆ ಗೆರೆಯಿದ್ದರೆ ಒಳಗಿನ ಫೈಲುಗಳು, ಇಲ್ಲದಿದ್ದರೆ ಡೈರೆಕ್ಟರಿಯೇ.

ಮಾರ್ಗವೆಂಬುದು ಸ್ಥಾನವಾಚಕ, ಎರಡು ರೂಪಗಳಿಗೂ ಸ್ಥಾನವೊಂದೇ ಎಂದು ಸಮಾಧಾನ ಹೇಳಬಹುದು. ಇದು ಅರ್ಧ ಮಾತ್ರ ಸತ್ಯ. ವ್ಯಾಕರಣದಲ್ಲಿ ಸಂಜ್ಞೆಗಳನ್ನುಳಿದು ಶಬ್ದವು ತನ್ನ ಸ್ವರೂಪವನ್ನೇ ಬೋಧಿಸುವುದೆಂದು ಪಾಣಿನಿಯು ವಿಧಿಸಿರುವನು. ಶೆಲ್ಲೂ ಆರ್‌ಸಿಂಕೂ ಆ ಬಗೆಯ ಕೇಳುಗರು. 2016ರ 3.6ನೆಯ ಆವೃತ್ತಿಯಲ್ಲಿ ಬಂದ 'ಎಫ್‌ಎಸ್‌ಪಾಥ್' ಕೂಡ ಈ ಸಂಕುಚಿತ ರೂಪವನ್ನೇ ಕೊಡುವುದರಿಂದ ಪರಿಹಾರವಾಗಲಿಲ್ಲ. ಸಮಾನತೆಯನ್ನು ನೋಡುವಾಗ ಮಾತ್ರ ಆ ಚಿಹ್ನೆಗಳನ್ನು ಗಣಿಸದೆ, ಶಬ್ದರೂಪದಲ್ಲಿ ಅವನ್ನು ಉಳಿಸಬಹುದಾಗಿತ್ತು. ಈಗಲಾದರೋ ಪ್ರೋಗ್ರಾಂ ಬರೆಯುವವನು ಶೆಲ್ಲಿಗೆ ಕೊಡುವ ಮುನ್ನ './' ಎಂಬುದನ್ನು ತಾನೇ ಸೇರಿಸಿಕೊಳ್ಳಬೇಕಾಗಿದೆ.